ಕನಿಷ್ಠ ಮೊತ್ತ ಕಟ್ಟಿದರೆ ಸಾಲ ತೀರುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ. ಬರೆದವರು ಬೇರೆ, ಮೊತ್ತ ಬೇರೆ, ಅಷ್ಟೇ. ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಅದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಹಾಗಾಗಿ ಇವತ್ತು ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಮಗನಿಗೆ 23 ವರ್ಷ. ಕೆಲಸಕ್ಕೆ ಸೇರಿ ವರ್ಷವಾಯಿತು. ಕ್ರೆಡಿಟ್ ಕಾರ್ಡ್‌ನಲ್ಲಿ ಒಂದು ಲಕ್ಷ ಬಾಕಿ ಇದೆ. ‘ಪ್ರತಿ ತಿಂಗಳು ಬಿಲ್ ಕಟ್ತಾ ಇದ್ದೀನಮ್ಮ, ಒಂದು ದಿನವೂ ತಡ ಮಾಡಿಲ್ಲ’ ಅನ್ನುತ್ತಾನೆ. ಆದರೂ ಬಾಕಿ ಇಳಿಯುತ್ತಿಲ್ಲ. ನನ್ನ ಉಳಿತಾಯದ ಹಣದಿಂದ ಪೂರ್ತಿ ತೀರಿಸಿಬಿಡಲೇ? ಅವನಿಗೆ ಬಜೆಟ್ ಹಾಕುವುದನ್ನು ಹೇಗೆ ಕಲಿಸಲಿ?

ಈಗಲೇ ತೀರಿಸಬೇಡಿ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅವನು ಕಟ್ಟುತ್ತಿರುವುದು ಬಿಲ್‌ನಲ್ಲಿ ‘ಕನಿಷ್ಠ ಮೊತ್ತ’ ಎಂದು ತೋರಿಸುವ ಹಣ. ಅದನ್ನು ಕಟ್ಟಿದರೆ ದಂಡ ತಪ್ಪುತ್ತದೆ. ಸಾಲ ತೀರುವುದಿಲ್ಲ. ಇವೆರಡೂ ಒಂದೇ ಎಂದು ಅವನು ನಂಬಿದ್ದಾನೆ. ಓದಿದವರು, ಒಳ್ಳೆಯ ಕೆಲಸದಲ್ಲಿರುವವರು ಕೂಡ ಹೀಗೇ ನಂಬಿರುತ್ತಾರೆ.

ಲೆಕ್ಕ ನೋಡಿ. ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಮೊತ್ತ ಬಾಕಿಯ ಶೇ 5 ಎಂದಿಟ್ಟುಕೊಳ್ಳಿ. ತಿಂಗಳಿಗೆ ಮೂರೇ ಅಲ್ವಾ ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಅದು ಶೇ 42 ದಾಟುತ್ತದೆ. ಒಂದು ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 3,000. ಬಾಕಿ 1,03,000 ಆಯಿತು. ಅದರ ಶೇ 5, ಅಂದರೆ 5,150 ಕಟ್ಟುತ್ತಾನೆ. ಅಸಲಿನಲ್ಲಿ ಇಳಿಯುವುದು 2,150 ಮಾತ್ರ. ಕಾರ್ಡ್‌ನಲ್ಲಿ ಹೊಸದಾಗಿ ಏನನ್ನೂ ಕೊಳ್ಳದೆ ಹೀಗೇ ಒಂದು ವರ್ಷ ಕಟ್ಟಿದರೂ ಅವನ ಕೈಯಿಂದ ಹೋಗುವುದು ಸುಮಾರು 55,000. ಉಳಿಯುವ ಬಾಕಿ 77,000. ಕಟ್ಟಿದ್ದರಲ್ಲಿ 32,000 ಬರೀ ಬಡ್ಡಿ.

ಇನ್ನೊಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ. ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ. ಬಿಲ್ ಹಗುರವಾಯಿತು ಎಂದು ಸಮಾಧಾನವಾಗುತ್ತದೆ. ಆದರೆ ಸಾಲದ ಆಯುಷ್ಯ ಬೆಳೆಯುವುದು ಅದರಿಂದಲೇ. ಮೊದಲ ತಿಂಗಳು ಕಟ್ಟಿದ 5,150ನ್ನೇ ಕಡಿಮೆ ಮಾಡದೆ ಪ್ರತಿ ತಿಂಗಳು ಕಟ್ಟಿದರೆ 30 ತಿಂಗಳಲ್ಲಿ ಸಾಲ ಪೂರ್ತಿ ತೀರುತ್ತದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಅದೇ 30 ತಿಂಗಳ ನಂತರ ಅರ್ಧಕ್ಕಿಂತ ಜಾಸ್ತಿ ಬಾಕಿ ಇರುತ್ತದೆ. ಅಮೆರಿಕದಲ್ಲಿ 2009ರ ಕಾನೂನು ಬಂದ ಮೇಲೆ, ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಎಷ್ಟು ಕಾಲ ಬೇಕು ಎಂದು ಬಿಲ್‌ನಲ್ಲೇ ಅಚ್ಚು ಹಾಕಬೇಕಾಯಿತು. ಜನ ತಾವಾಗಿ ಈ ಲೆಕ್ಕ ಹಾಕುವುದಿಲ್ಲ ಎಂಬುದಕ್ಕೇ ಆ ನಿಯಮ.

ಈಗ ಕಲಿಸುವ ಮಾತು. ಉಪದೇಶ ಬೇಡ. ಕಳೆದ ತಿಂಗಳ ಬಿಲ್ ತೆರೆದು, ಕಟ್ಟಿದ್ದರಲ್ಲಿ ಬಡ್ಡಿಗೆ ಎಷ್ಟು ಹೋಯಿತು, ಅಸಲಿಗೆ ಎಷ್ಟು ಹೋಯಿತು ಎಂದು ಅವನ ಕೈಯಲ್ಲೇ ಬರೆಸಿ. ನೀವು ಲೆಕ್ಕ ಮಾಡಿ ತೋರಿಸಿದರೆ ಅದು ಅಮ್ಮನ ಬೈಗುಳವಾಗುತ್ತದೆ. ಅವನೇ ಬರೆದರೆ ಅದು ಅವನ ಲೆಕ್ಕ. ನಂತರ ಅವನು ಕಾರ್ಡ್ ಬಳಕೆ ನಿಲ್ಲಿಸಬೇಕು. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರವನ್ನು ಅಳಿಸಿಹಾಕಲಿ.

ಬಜೆಟನ್ನು ಮುಂದಿನ ತಿಂಗಳಿಂದ ಶುರು ಮಾಡಬೇಡಿ, ಹಿಂದಿನ ಮೂರು ತಿಂಗಳಿಂದ ಶುರು ಮಾಡಿ. ಬ್ಯಾಂಕ್ ಖಾತೆಯ ವಿವರದಲ್ಲಿ ಹಣ ನಿಜವಾಗಿ ಎಲ್ಲಿಗೆ ಹೋಗಿದೆ ಅನ್ನುವುದು ಇರುತ್ತದೆ. ಮುಂದಿನ ತಿಂಗಳ ಪಟ್ಟಿಯಲ್ಲಿ ಬರೀ ಆಸೆ ಇರುತ್ತದೆ. ಬಜೆಟ್ ಮುರಿಯುವುದು ಸಾಮಾನ್ಯವಾಗಿ ದಿನನಿತ್ಯದ ಖರ್ಚಿನಿಂದ ಅಲ್ಲ. ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಗಾಡಿ ರಿಪೇರಿ, ಮದುವೆಗೆ ಹೋಗಿಬರುವ ಖರ್ಚು ಬಂದಾಗ ಕಾರ್ಡ್ ಹೊರಗೆ ಬರುತ್ತದೆ. ಅವನ್ನೆಲ್ಲ ಕೂಡಿಸಿ, 12ರಿಂದ ಭಾಗಿಸಿ, ಆ ಮೊತ್ತವನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕಲಿ. ಸಾಲದ ಕಂತೂ ಅದೇ ದಿನ ಹೋಗಲಿ. ತಿಂಗಳ ಕೊನೆಯಲ್ಲಿ ಉಳಿದರೆ ಕಟ್ಟುತ್ತೇನೆ ಅಂದರೆ ಉಳಿಯುವುದಿಲ್ಲ. ಸಾಲ ತೀರಿಸುವಾಗಲೂ ಸ್ವಲ್ಪ ಹಣ ಕೈಯಲ್ಲಿರಲಿ. ಇಲ್ಲದಿದ್ದರೆ ಮೊದಲ ತುರ್ತು ಖರ್ಚಿಗೇ ಮತ್ತೆ ಕಾರ್ಡ್ ಬೇಕಾಗುತ್ತದೆ.

ನೀವು ಸಹಾಯ ಮಾಡಲೇಬೇಕು ಅನ್ನಿಸಿದರೆ, ಅವನು ಮೂರು ತಿಂಗಳು ಕಾರ್ಡ್ ಮುಟ್ಟದೆ ಒಂದೇ ಮೊತ್ತ ಕಟ್ಟಿ ತೋರಿಸಿದ ಮೇಲೆ ಮಾಡಿ. ಅದೂ ನಿಮಗೆ ಕಂತಿನಲ್ಲಿ ವಾಪಸ್ ಕೊಡುವಂತೆ ಬರೆದಿಟ್ಟುಕೊಂಡು. ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ಸಿಕ್ಕರೆ, ಅದರ ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಿ ಬದಲಾಯಿಸಿಕೊಳ್ಳಬಹುದು. ಆಗ ಕಾರ್ಡ್‌ನ ಮಿತಿಯನ್ನು ಅದೇ ದಿನ ಇಳಿಸಬೇಕು. ಇಲ್ಲದಿದ್ದರೆ ಎರಡು ಸಾಲ ಆಗುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಸಣ್ಣ ಸಣ್ಣ ಖರ್ಚನ್ನು ಹಿಡಿದು ಹಂಗಿಸಬೇಡಿ. ಬೈಸಿಕೊಂಡ ಮಕ್ಕಳು ಖರ್ಚು ನಿಲ್ಲಿಸುವುದಿಲ್ಲ, ಬಿಲ್ ಬಚ್ಚಿಡುತ್ತಾರೆ.

ಪ್ರಶ್ನೆ: ಕಾರ್ಡ್‌ನಲ್ಲಿ ಸ್ವಲ್ಪ ಬಾಕಿ ಉಳಿಸಿಕೊಂಡರೆ ಕ್ರೆಡಿಟ್ ಸ್ಕೋರ್ ಏರುತ್ತದಂತೆ, ನಿಜವೇ?

ಸುಳ್ಳು. ನೀವು ಸಾಲವನ್ನು ಹೇಗೆ ತೀರಿಸುತ್ತೀರಿ ಎಂದು ನೋಡಿ ಕೊಡುವ ಅಂಕವೇ ಆ ಸ್ಕೋರ್. ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದರೆ ಸಾಕು. ಬಡ್ಡಿ ಕಟ್ಟಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಹಣ ಕೊಟ್ಟರೆ ಸ್ಕೋರ್ ಸರಿ ಮಾಡಿಕೊಡುತ್ತೇವೆ ಅನ್ನುವವರಿಂದಲೂ ದೂರವಿರಿ. ನಿಮ್ಮ ಸಾಲದ ದಾಖಲೆ ಇರುವ ಕ್ರೆಡಿಟ್ ವರದಿಯಲ್ಲಿ ತಪ್ಪಿದ್ದರೆ ನೀವೇ ದೂರು ಕೊಟ್ಟು ತಿದ್ದಿಸಬಹುದು. ಸರಿಯಾದ ದಾಖಲೆಯನ್ನು ದುಡ್ಡು ಕೊಟ್ಟು ಅಳಿಸಲು ಆಗುವುದಿಲ್ಲ.

ಪ್ರಶ್ನೆ: ಗಾಡಿ ಸಾಲಕ್ಕೆ ‘ಫ್ಲಾಟ್’ ಶೇ 12 ಬಡ್ಡಿ ಎನ್ನುತ್ತಾರೆ. ಒಳ್ಳೆಯದೇ?

ಒಂದು ವರ್ಷದ ಸಾಲವಾದರೆ ಅದರ ನಿಜವಾದ ದರ ಶೇ 21ಕ್ಕೂ ಜಾಸ್ತಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಅವರು ಕೊನೆಯವರೆಗೆ ಪೂರ್ತಿ ಮೊತ್ತದ ಮೇಲೆ ಬಡ್ಡಿ ಹಾಕುತ್ತಾರೆ. ಇಳಿಯುವ ಬಾಕಿಯ ಮೇಲೆ ದರ ಎಷ್ಟು ಎಂದು ಕೇಳಿ. ಹೇಳದಿದ್ದರೆ ಎದ್ದು ಬನ್ನಿ.

ಪ್ರಶ್ನೆ: 50-30-20 ಸೂತ್ರದಲ್ಲಿ ಬಾಡಿಗೆ ಯಾವುದಕ್ಕೆ ಸೇರುತ್ತದೆ?

ಸಂಬಳದ ಶೇ 50 ಅಗತ್ಯಗಳಿಗೆ, 30 ಆಸೆಗಳಿಗೆ, 20 ಉಳಿತಾಯಕ್ಕೆ ಮತ್ತು ಸಾಲ ತೀರಿಸಲು ಎನ್ನುವುದು ಆ ಸೂತ್ರ. ಬಾಡಿಗೆ 50ಕ್ಕೆ. ನಿಮ್ಮ ಬಾಡಿಗೆಯೇ ಸಂಬಳದ ಅರ್ಧವಿದ್ದರೆ ಆ ಸೂತ್ರ ಬಿಡಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಸಾಲ ಮಾಡಿ ಷೇರಿಗೆ ಹಾಕಿದರೆ ಬೇಗ ದುಡ್ಡಾಗುತ್ತದೆ ಎಂದು ವಿಡಿಯೊದಲ್ಲಿ ಹೇಳುತ್ತಾರಲ್ಲ?

ಮಾಡಬೇಡಿ.

ಪ್ರಶ್ನೆ: ಗೆಳೆಯನ ಸಾಲಕ್ಕೆ ಜಾಮೀನು ಹಾಕಲೇ? ಬರೀ ಒಂದು ಸಹಿ ಅನ್ನುತ್ತಾನೆ.

ಅವನು ಕಟ್ಟದಿದ್ದರೆ ಅದು ನಿಮ್ಮ ಸಾಲ. ಅಷ್ಟು ಹಣ ಕೊಡುವ ಶಕ್ತಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಪ್ರಶ್ನೆ: ನನಗೆ 19 ವರ್ಷ. ಆ್ಯಪ್‌ನಲ್ಲಿ ಸಾಲ ತೆಗೆದುಕೊಂಡೆ. ಈಗ ನನ್ನ ಫೋನ್‌ನಲ್ಲಿರುವ ಎಲ್ಲರಿಗೂ ಸಂದೇಶ ಕಳಿಸುತ್ತೇವೆ ಎಂದು ಹೆದರಿಸುತ್ತಿದ್ದಾರೆ. ಇನ್ನೊಂದು ಆ್ಯಪ್‌ನಿಂದ ಸಾಲ ತೆಗೆದು ತೀರಿಸಲೇ?

ಬೇಡ. ಎರಡನೆಯದು ಮೂರನೆಯದಕ್ಕೆ ದಾರಿ ಮಾಡುತ್ತದೆ. ಅವರ ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆದರಿಸಿ ಹಣ ಕೇಳುವುದು ಅಪರಾಧ, ಪೊಲೀಸರಿಗೆ ದೂರು ಕೊಡಿ. ಅದಕ್ಕೂ ಮೊದಲು, ಇವತ್ತೇ, ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಅಕ್ಕನಿಗೋ ಹೇಳಿ. ನೀವು ಮಾಡಿದ್ದು ದುಬಾರಿ ಸಾಲ, ಕಳ್ಳತನವಲ್ಲ. ಪತ್ರ ಓದುತ್ತಿರುವ ಹಿರಿಯರಲ್ಲೂ ಒಂದು ಕೋರಿಕೆ: ಮಗುವೊಂದು ಹೀಗೆ ಬಂದು ಹೇಳಿದರೆ ಮೊದಲು ಕೂರಿಸಿ ಪೂರ್ತಿ ಕೇಳಿ, ಲೆಕ್ಕ ಆಮೇಲೆ ನೋಡಿ.