ಕಲ್ಲಿದ್ದಲು ಮುಗೀಲಿಲ್ಲ, ಗಣಿಗಳು ಮುಗಿದ್ವು

ಪ್ರಶ್ನೆ: ಬ್ರಿಟನ್ನಿನ ಕಲ್ಲಿದ್ದಲು ಗಣಿಗಳನ್ನೆಲ್ಲ ಮಾರ್ಗರೆಟ್ ಥ್ಯಾಚರ್ ಒಬ್ರೇ ಮುಚ್ಚಿಸಿದ್ದು ಅಂತ ನನ್ನ ಫ್ರೆಂಡ್ ಹೇಳ್ತಾನೆ. ಇಲ್ಲ, ಕಲ್ಲಿದ್ದಲೇ ಖಾಲಿಯಾಗಿತ್ತು ಅಂತ ನಾನು. ಯಾರದು ಸರಿ ಸರ್?

ಉತ್ತರ: ಬೇಜಾರಾಗ್ಬೇಡಿ, ಇಬ್ರದೂ ಸರಿಯಿಲ್ಲ. ಕಲ್ಲಿದ್ದಲು ಇವತ್ತಿಗೂ ಅಲ್ಲಿ ನೆಲದಡಿ ಬೇಕಾದಷ್ಟಿದೆ, ತೆಗೆಯೋ ಖರ್ಚು ಗಿಟ್ಟಲ್ಲ ಅಷ್ಟೇ. ಇನ್ನು ಥ್ಯಾಚರ್ ವಿಷ್ಯ. ಅವರು ಪ್ರಧಾನಿ ಆಗಿದ್ದು 1979ರಲ್ಲಿ, ಆದ್ರೆ ಉತ್ಪಾದನೆ ತುದಿ ಮುಟ್ಟಿದ್ದು 1913ರಲ್ಲೇ, ಅಂದ್ರೆ ಅವರು ಹುಟ್ಟೋದಕ್ಕೂ 12 ವರ್ಷ ಮುಂಚೆ. ಆ ಒಂದೇ ವರ್ಷ ಸುಮಾರು 29 ಕೋಟಿ ಟನ್ ತೆಗೆದ್ರು, 10 ಲಕ್ಷಕ್ಕೂ ಹೆಚ್ಚು ಜನ ಗಣಿಯಲ್ಲಿ ದುಡೀತಿದ್ರು, ತೆಗೆದಿದ್ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಾರ್ಡಿಫ್, ನ್ಯೂಕ್ಯಾಸಲ್ ಥರದ ಬಂದರುಗಳಿಂದ ಹಡಗಲ್ಲಿ ಹೊರಗೆ ಹೋಗ್ತಿತ್ತು.

ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ ಎಲ್ಲಾ ಉಲ್ಟಾ ಹೊಡೀತು. ನೌಕಾಪಡೆ ಎಣ್ಣೆಗೆ ತಿರುಗಿತ್ತು, ಪೋಲೆಂಡ್ ಜರ್ಮನಿ ಕಲ್ಲಿದ್ದಲು ಮಾರ್ಕೆಟ್ಟಿಗೆ ಬಂತು, ಇದರ ಮೇಲೆ 1925ರಲ್ಲಿ ಸರ್ಕಾರ ಪೌಂಡಿನ ಬೆಲೆಯನ್ನ ಯುದ್ಧಕ್ಕೆ ಮುಂಚಿನ ದರದಲ್ಲೇ ಮತ್ತೆ ಚಿನ್ನಕ್ಕೆ ಕಟ್ಟಿಹಾಕಿ ರಫ್ತು ಮಾಲು ಇನ್ನಷ್ಟು ದುಬಾರಿ ಮಾಡ್ತು. ನಷ್ಟ ಆದಾಗ ಮಾಲೀಕರು ಏನ್ಮಾಡ್ತಾರೆ, ಕೂಲಿಗೇ ಕತ್ತರಿ. 1926ರಲ್ಲಿ ಗಣಿಯವರ ಪರವಾಗಿ ದೇಶವೇ ಒಂಬತ್ತು ದಿನ ಮುಷ್ಕರ ಹೂಡಿತು, ಆಮೇಲೆ ಬೇರೆಯವರೆಲ್ಲ ವಾಪಸ್ ಹೋದ್ರೂ ಗಣಿಯವರು ಮಾತ್ರ ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ಸೋತು, ಕಡಿಮೆ ಕೂಲಿ ಹೆಚ್ಚು ಗಂಟೆಗೆ ಒಪ್ಪಿಕೊಂಡೇ ಕೆಳಗಿಳಿದ್ರು.

1947ರ ಜನವರಿ 1ಕ್ಕೆ ಗಣಿಗಳು ಸರ್ಕಾರದ ಪಾಲಾದ್ವು, ಇನ್ನು ಇದು ಜನರ ಗಣಿ ಅಂತ ಗೇಟುಗಳ ಹತ್ರ ಬೋರ್ಡ್ ಹಾಕಿದ್ರು. ಖುಷಿ ಹತ್ತು ವರ್ಷ ಇತ್ತೋ ಏನೋ. 1952ರ ಡಿಸೆಂಬರಲ್ಲಿ ಲಂಡನ್ನಿಗೆ ಕಲ್ಲಿದ್ದಲಿನ ಹೊಗೆ ಮಂಜು ಕವಿದು ಸಾವಿರಾರು ಜನ ಸತ್ರು, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, ರೈಲು ಡೀಸೆಲ್ಲಿಗೆ ಹೋಯ್ತು, 60ರ ದಶಕದ ಕೊನೆಗೆ ಉತ್ತರ ಸಮುದ್ರದ ಗ್ಯಾಸು ಮನೆಮನೆಗೆ ಬಂತು. ನಿಮ್ಮ ಫ್ರೆಂಡಿಗೆ ಇದೊಂದು ತಪ್ಪದೇ ಹೇಳಿ: 1964ರಿಂದ 70ರವರೆಗೆ ಲೇಬರ್ ಪಕ್ಷದ ಪ್ರಧಾನಿ ಹೆರಾಲ್ಡ್ ವಿಲ್ಸನ್ ಕಾಲದಲ್ಲಿ 200ಕ್ಕೂ ಹೆಚ್ಚು ಗಣಿ ಮುಚ್ಚಿದ್ವು, ಥ್ಯಾಚರ್ ಕಾಲದ್ದು ಅದಕ್ಕಿಂತ ಕಮ್ಮಿ.

ಪ್ರಶ್ನೆ: ಚಿಕ್ಕ ಮಕ್ಕಳನ್ನೂ ಗಣಿಯೊಳಗೆ ಇಳಿಸ್ತಿದ್ರಂತೆ, ಹೌದಾ? ಅವರು ಏನ್ ಕೆಲ್ಸ ಮಾಡೋಕ್ಕಾಗತ್ತೆ?

ಉತ್ತರ: ಹೌದು ತಾಯಿ. ಗಾಳಿ ಸರಿಯಾದ ದಾರೀಲಿ ಹರೀಲಿ ಅಂತ ಸುರಂಗದಲ್ಲಿ ಅಲ್ಲಲ್ಲಿ ಮರದ ಬಾಗಿಲು ಇರ್ತಿತ್ತು. ಐದಾರು ವರ್ಷದ ಮಗು ಅದರ ಪಕ್ಕ ಕತ್ತಲಲ್ಲಿ ಕೈಯಲ್ಲೊಂದು ಹಗ್ಗ ಹಿಡ್ಕೊಂಡು ಕೂತಿರೋದು, ಕಲ್ಲಿದ್ದಲಿನ ಗಾಡಿ ಬರೋ ಸದ್ದಾದ್ರೆ ಎಳೆದು ತೆಗೆಯೋದು, ಹೋದ್ಮೇಲೆ ಮುಚ್ಚೋದು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಇದೇ. ಸ್ವಲ್ಪ ದೊಡ್ಡ ಹುಡುಗ ಹುಡುಗೀರು, ಹೆಂಗಸರು ಸೊಂಟಕ್ಕೆ ಸರಪಳಿ ಕಟ್ಕೊಂಡು ಅಂಬೆಗಾಲಲ್ಲಿ ಗಾಡಿ ಎಳೀತಿದ್ರು. 1838ರಲ್ಲಿ ಯಾರ್ಕ್‌ಷೈರಿನ ಹಸ್ಕರ್ ಗಣಿಗೆ ಮಳೆನೀರು ನುಗ್ಗಿ 26 ಮಕ್ಕಳು ಸತ್ತಿದ್ದು ದೊಡ್ಡ ಸುದ್ದಿಯಾಯ್ತು, ವಿಚಾರಣೆ ನಡೀತು, 1842ರ ಕಾಯ್ದೆ ಹೆಂಗಸರು ಮತ್ತು 10 ವರ್ಷದೊಳಗಿನ ಹುಡುಗರು ನೆಲದಡಿ ಕೆಲಸ ಮಾಡೋದನ್ನ ನಿಷೇಧಿಸಿತು. ಹತ್ತು ತುಂಬಿದ ಹುಡುಗ ಇಳೀಬಹುದಿತ್ತು, ಅದೂ ಗೊತ್ತಿರಲಿ.

ಅಲ್ಲಿ ಪ್ರತಿ ಕಾನೂನಿನ ಹಿಂದೆಯೂ ಹೆಣಗಳ ಲೆಕ್ಕ ಇದೆ. 1862ರಲ್ಲಿ ಹಾರ್ಟ್ಲಿ ಗಣಿಯಲ್ಲಿ ನೀರೆತ್ತೋ ಎಂಜಿನ್ನಿನ ಎರಕದ ಕಬ್ಬಿಣದ ತೊಲೆ ಮುರಿದು ಗಣಿಗೆ ಇಳಿಯೋ ಬಾವಿಯೊಳಗೇ ಬಿತ್ತು, ಇದ್ದಿದ್ದು ಅದೊಂದೇ ಬಾವಿ, ಹೊರಬರೋ ದಾರಿ ಕಟ್ಟಿಹೋಗಿ ಒಟ್ಟು 204 ಜನ ಸತ್ತ ಮೇಲೆ ಎರಡು ದಾರಿ ಇರಲೇಬೇಕು ಅನ್ನೋ ಕಾಯ್ದೆ ಬಂತು. ವೇಲ್ಸಿನ ಸೆಂಗೆನಿಡ್ ಗಣಿ ಸ್ಫೋಟದಲ್ಲಿ 439 ಕಾರ್ಮಿಕರು ಹೋದ್ರು, ಅದೂ 1913ರಲ್ಲೇ, ಅದೇ ದಾಖಲೆ ವರ್ಷದಲ್ಲಿ. ಮ್ಯಾನೇಜರಿಗೆ ಬಿದ್ದ ದಂಡ 24 ಪೌಂಡ್.

ಪ್ರಶ್ನೆ: ಗಣಿಗೆ ಹಕ್ಕಿ ಒಯ್ಯೋದು ಕಟ್ಟುಕಥೆನಾ?

ಉತ್ತರ: ನಿಜಾನೇ. ಕ್ಯಾನರಿ ಹಕ್ಕಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಬಣ್ಣ ಏನೂ ಇಲ್ಲ, ಸಣ್ಣ ಹಕ್ಕಿಗೆ ಮನುಷ್ಯನಿಗಿಂತ ಬೇಗ ವಿಷ ಏರತ್ತೆ, ಅದು ತೂರಾಡಿದ್ರೆ ಓಡಬೇಕು. ಕೆಲವು ಪಂಜರಗಳ ಮೇಲೆ ಪುಟ್ಟ ಆಕ್ಸಿಜನ್ ಸಿಲಿಂಡರ್ ಇರ್ತಿತ್ತು, ಬಾಗಿಲು ಮುಚ್ಚಿ ಆಕ್ಸಿಜನ್ ಬಿಟ್ಟು ಹಕ್ಕಿನ ಉಳಿಸ್ಕೊಳ್ತಿದ್ರು. 1986ರಲ್ಲಿ ಎಲೆಕ್ಟ್ರಾನಿಕ್ ಮೀಟರ್ ಬಂದು ಹಕ್ಕಿಗಳಿಗೆ ರಿಟೈರ್ಮೆಂಟ್ ಆಯ್ತು.

ಪ್ರಶ್ನೆ: ಅಷ್ಟು ಅಪಾಯದ, ಶ್ವಾಸಕೋಶ ಹಾಳುಮಾಡೋ ಕೆಲ್ಸ. ಮುಚ್ತೀವಿ ಅಂದಾಗ ಕಾರ್ಮಿಕರು ಖುಷಿಪಡೋದು ಬಿಟ್ಟು ಒಂದು ವರ್ಷ ಮುಷ್ಕರ ಮಾಡಿದ್ದು ಯಾಕೆ?

ಉತ್ತರ: ಇದೇ ಅಸಲಿ ಪ್ರಶ್ನೆ. ಮೊದಲನೇ ಪತ್ರದವರೂ ಓದಿ. ವಿಲ್ಸನ್ ಕಾಲದಲ್ಲಿ ಒಂದು ಗಣಿ ಮುಚ್ಚಿದ್ರೆ ಎಷ್ಟೋ ಜನಕ್ಕೆ ಇನ್ನೊಂದು ಗಣೀಲೋ ಫ್ಯಾಕ್ಟರೀಲೋ ಕೆಲಸ ಸಿಗ್ತಿತ್ತು. 1984ರಲ್ಲಿ ದೇಶದಲ್ಲಿ ನಿರುದ್ಯೋಗಿಗಳೇ 30 ಲಕ್ಷದ ಮೇಲಿದ್ರು. ಮಾರ್ಚಲ್ಲಿ 20 ಗಣಿ ಮುಚ್ಚಿ 20,000 ಕೆಲಸ ತೆಗೀತೀವಿ ಅಂದಾಗ ಊರಿಗೆ ಊರೇ ಬೀದಿಗೆ ಬಂತು, ಯಾಕಂದ್ರೆ ಆ ಊರುಗಳು ಹುಟ್ಟಿದ್ದೇ ಗಣಿಗೋಸ್ಕರ, ಕ್ಲಬ್ಬು, ಬ್ಯಾಂಡ್ ಸೆಟ್ಟು, ಆಟದ ಮೈದಾನ ಎಲ್ಲಾ ನಡೀತಿದ್ದಿದ್ದು ಗಣಿ ದುಡ್ಡಲ್ಲೇ.

ಯೂನಿಯನ್ ನಾಯಕ ಆರ್ಥರ್ ಸ್ಕಾರ್ಗಿಲ್ ದೇಶಮಟ್ಟದ ಮತದಾನ ನಡೆಸದೇ ಹೋರಾಟಕ್ಕಿಳಿದಿದ್ದು ನನ್ನ ಪ್ರಕಾರ ದೊಡ್ಡ ಎಡವಟ್ಟು, ನಾಟಿಂಗ್‌ಹ್ಯಾಮ್‌ಷೈರಿನ ಬಹುಪಾಲು ಜನ ಅದನ್ನೇ ನೆಪ ಮಾಡ್ಕೊಂಡು ಕೆಲಸಕ್ಕೆ ಹೋದ್ರು. ಸರ್ಕಾರವಂತೂ ಮೊದಲೇ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಗುಡ್ಡೆ ಹಾಕಿಸಿಟ್ಟು ರೆಡಿಯಾಗಿತ್ತು, 1974ರಲ್ಲಿ ಇದೇ ಗಣಿಯವರ ಮುಷ್ಕರದ ಮಧ್ಯೆ ಥ್ಯಾಚರ್ ಪಕ್ಷದವರೇ ಆದ ಆಗಿನ ಪ್ರಧಾನಿ ಎಡ್ವರ್ಡ್ ಹೀತ್ ಚುನಾವಣೆಗೆ ಹೋಗಿ ಕುರ್ಚಿ ಕಳ್ಕೊಂಡಿದ್ದನ್ನ ಆ ಪಕ್ಷ ಮರೆತಿರ್ಲಿಲ್ಲ. 1984ರ ಜೂನ್ 18ಕ್ಕೆ ಯಾರ್ಕ್‌ಷೈರಿನ ಓರ್‌ಗ್ರೀವಿನಲ್ಲಿ ಕುದುರೆ ಪೊಲೀಸರು ಮುಷ್ಕರ ಮಾಡ್ತಿದ್ದ ಜನರ ಮೇಲೆ ನುಗ್ಗಿದ್ರು. ಹೆಂಗಸರು ಊರೂರಲ್ಲಿ ಗಂಜಿಕೇಂದ್ರ ನಡೆಸಿ ಮನೆಗಳನ್ನ ಉಳಿಸಿದ್ರು. 1985ರ ಮಾರ್ಚಲ್ಲಿ ಸೋತ್ರು, ಆದ್ರೂ ಎಷ್ಟೋ ಕಡೆ ಬಾವುಟ ಹಿಡಿದು ಬ್ಯಾಂಡ್ ಬಾರಿಸ್ಕೊಂಡೇ ಗಣಿಗೆ ವಾಪಸ್ ಹೋದ್ರು.

ಗಣಿ ಮುಚ್ಚಿದ್ದು ತಪ್ಪಾ ಅಂದ್ರೆ ಒಂದಲ್ಲ ಒಂದಿನ ಮುಚ್ಚಲೇಬೇಕಿತ್ತು. ಆದ್ರೆ ಬದಲಿ ಕೆಲಸದ ಏರ್ಪಾಡಿಲ್ಲದೇ ಧಡಧಡ ಅಂತ ಮುಚ್ಚಿದ್ದಕ್ಕೇ ಥ್ಯಾಚರ್ ಹೆಸರು ಆ ಊರುಗಳಲ್ಲಿ ಇವತ್ತಿಗೂ ಬೈಗುಳ.

ಪ್ರಶ್ನೆ: ಈಗ ಒಂದಾದ್ರೂ ಗಣಿ ನೋಡಬಹುದಾ?

ಉತ್ತರ: ಆಳದ ಗಣಿಗಳಲ್ಲಿ ಕೊನೇದು, ಯಾರ್ಕ್‌ಷೈರಿನ ಕೆಲ್ಲಿಂಗ್ಲಿ, 2015ರ ಡಿಸೆಂಬರಲ್ಲಿ ಮುಚ್ಚಿತು, ಕಲ್ಲಿದ್ದಲು ಸುಡೋ ಕೊನೇ ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ನಿಂತೋಯ್ತು. ನೋಡೋಕೆ ವೇಲ್ಸಿನ ಬಿಗ್ ಪಿಟ್ ಇದೆ, ಈಗ ಮ್ಯೂಸಿಯಂ. ಲಿಫ್ಟಲ್ಲಿ ಸುಮಾರು 90 ಮೀಟರ್ ಕೆಳಗೆ ಕರ್ಕೊಂಡು ಹೋಗ್ತಾರೆ. ಕಿಡಿ ಹತ್ತೋ ಭಯಕ್ಕೆ ಫೋನು, ಬ್ಯಾಟರಿ ವಾಚು, ಬೆಂಕಿಪೊಟ್ಟಣ ಎಲ್ಲಾ ಮೇಲೇ ಕೊಟ್ಟು ಇಳೀಬೇಕು, ಸೆಲ್ಫಿ ಆಸೆ ಇದ್ರೆ ಬಿಟ್ಬಿಡಿ.