ಮೂರನೇ ಸಲ ಬಂದ ಮಗು ಮತ್ತು ನಿಮ್ಮ ಲೆಕ್ಕದ ಭಯ

ಪ್ರಶ್ನೆ: ನನಗೆ 33 ವರ್ಷ. ಒಂಬತ್ತು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ, ಅಂದರೆ ಎಂಪಿಎಚ್‌ಗೆ ಸೀಟು ಸಿಕ್ಕಿದೆ. ಶುರುವಾಗಲು ಎಂಟು ವಾರ ಇದೆ. ಸಿಕ್ಕ ದಿನ ಖುಷಿಯಾಗಿತ್ತು, ಈಗ ನಿದ್ದೆ ಬರುತ್ತಿಲ್ಲ. ಗಣಿತ ಬಿಟ್ಟು ಹದಿನೈದು ವರ್ಷದ ಮೇಲಾಯಿತು. ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ), ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಷ್ಟು, ಯಾಕೆ ಬರುತ್ತದೆ ಎಂಬ ಅಧ್ಯಯನ) ಎಂಬ ಹೆಸರು ನೋಡಿದರೇ ಎದೆ ಡವಡವ ಅನ್ನುತ್ತದೆ. ತಯಾರಿಗೆಂದು ನಾಲ್ಕು ಆನ್‌ಲೈನ್ ಕೋರ್ಸ್ ಸೇರಿದೆ, ಒಂದೂ ಮುಗಿಸಿಲ್ಲ. ಬ್ಯಾಚಿನಲ್ಲಿ ಡಾಕ್ಟರುಗಳೂ ಇದ್ದಾರಂತೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ‘ರೋಗಿಗಳನ್ನ ಬಿಟ್ಟು ಕಂಪ್ಯೂಟರ್ ಮುಂದೆ ಕೂರೋಕೆ ಹೋಗ್ತಿದ್ದೀಯಾ?’ ಎಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಒಂದೇ ಮಗು ಭೇದಿಯಿಂದ ವರ್ಷದಲ್ಲಿ ಮೂರನೇ ಸಲ ಅಡ್ಮಿಟ್ ಆದಾಗ ಅರ್ಜಿ ಹಾಕಿದ್ದೆ. ದುಡುಕಿದೆನೇನೋ ಅನ್ನಿಸುತ್ತಿದೆ. ಸೀಟು ಬಿಟ್ಟುಬಿಡಲೇ? – ಹೆಸರು ಬೇಡ

ಉತ್ತರ: ಬಿಡಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲೆಕ್ಕದ ಭಯದ ಬಗ್ಗೆ ತುಂಬ ಬರೆದಿದ್ದೀರಿ. ಆ ಮಗುವಿನ ಬಗ್ಗೆ ಒಂದೇ ಸಾಲು, ಅದೂ ಕೊನೆಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. ನನಗೆ ಮುಖ್ಯ ಅನ್ನಿಸಿದ್ದು ಆ ಸಾಲೇ. ಮೊದಲ ಸಲ ಬಂದಾಗ ಡ್ರಿಪ್ ಹಾಕಿ ಹುಷಾರು ಮಾಡಿ ಕಳಿಸಿದಿರಿ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನಿಮ್ಮೊಳಗೆ ಬೇರೆ ಪ್ರಶ್ನೆ ಎದ್ದಿರಬೇಕು. ಈ ಮಗು ವಾಪಸ್ ಹೋಗುವ ಮನೆಗೆ ನೀರು ಎಲ್ಲಿಂದ ಬರುತ್ತದೆ? ಪಕ್ಕದ ಮನೆಯ ಮಕ್ಕಳು ಹೇಗಿದ್ದಾರೆ? ಆ ಪ್ರಶ್ನೆ ಎದ್ದಿಲ್ಲದಿದ್ದರೆ ನೀವು ಅರ್ಜಿ ಹಾಕುತ್ತಿರಲಿಲ್ಲ ಅಲ್ವಾ?

ಶಾಲೆಯ ಭಿನ್ನರಾಶಿ ನೆನಪಿದೆಯಾ? ಗೆರೆಯ ಮೇಲೆ ಅಂಶ, ಕೆಳಗೆ ಛೇದ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ದಿನಾ ಕಾಣುವುದು ಅಂಶ ಮಾತ್ರ, ಅಂದರೆ ಕಾಯಿಲೆ ಬಿದ್ದು ನಮ್ಮವರೆಗೆ ಬಂದವರು. ಎಷ್ಟು ಜನರಲ್ಲಿ ಇಷ್ಟು ಜನ ಬಂದರು? ಬಾರದವರು ಚೆನ್ನಾಗಿದ್ದರಾ, ಅಥವಾ ಬರಲು ಆಗಲಿಲ್ಲವಾ? ಅದು ಛೇದ. ನೀವು ಈಗ ಕಲಿಯಲು ಹೊರಟಿರುವುದು ಮುಖ್ಯವಾಗಿ ಇದನ್ನೇ. ಉಳಿದ ದೊಡ್ಡ ದೊಡ್ಡ ಹೆಸರುಗಳೆಲ್ಲ ಇದರ ಸುತ್ತ ಬೆಳೆದವು.

ಕೋರ್ಸಿನ ಮೊದಲ ವಾರಗಳಲ್ಲೇ ಜಾನ್ ಸ್ನೋ ಎಂಬ ಇಂಗ್ಲಿಷ್ ಡಾಕ್ಟರ ಕಥೆ ಕೇಳುತ್ತೀರಿ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂತು. 600ಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣ ಎಂದು ಸ್ನೋ ತೋರಿಸಿಕೊಟ್ಟರು, ಪಂಪಿನ ಹಿಡಿಯನ್ನು ಕಳಚಲಾಯಿತು. ಕಥೆಯನ್ನು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾದ ಭಾಗ ಬೇರೆ. ಅಲ್ಲೇ ಹತ್ತಿರ ಬಡವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಒಂದು ವಸತಿಗೃಹ ಇತ್ತು. ಒಳಗೆ 535 ಜನ. ಸುತ್ತಲ ಮನೆಗಳಲ್ಲಿ ಸಾವಿನ ಮೇಲೆ ಸಾವು, ಇಲ್ಲಿ ಕಾಲರಾದಿಂದ ಸತ್ತವರು ಐದೇ ಜನ. ಯಾಕೆಂದರೆ ಅದಕ್ಕೆ ತನ್ನದೇ ಬಾವಿ ಇತ್ತು. ಪಂಪಿಗೆ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ದರು. ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಆ ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ. ಸತ್ತವರನ್ನು ಎಣಿಸುವುದರ ಜೊತೆಗೆ ಬದುಕಿದವರನ್ನೂ ಹುಡುಕಿಕೊಂಡು ಹೋದದ್ದರಿಂದ ಸ್ನೋ ಮಾತಿಗೆ ಬಲ ಬಂತು. ಕಾಲರಾದ ಸೂಕ್ಷ್ಮಾಣುವೇ ಕಾರಣ ಎಂದು ವೈದ್ಯಲೋಕ ಆಗ ಇನ್ನೂ ಒಪ್ಪಿರಲಿಲ್ಲ, ನೆನಪಿಡಿ.

ಈಗ ನಿಮ್ಮ ಗಣಿತ. ಹದಿನೈದು ವರ್ಷದಿಂದ ಗಣಿತ ಬಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಪ್ರತಿ ಔಷಧವನ್ನೂ ಕೆಜಿಗೆ ಇಷ್ಟು ಎಂಜಿ ಎಂದು ತೂಕ ನೋಡಿ ಲೆಕ್ಕ ಹಾಕಿದ್ದೀರಿ. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ ಒಂದು ಎಂಎಲ್. ಗಂಟೆಗೆ 40 ಎಂಎಲ್ ಹೋಗಬೇಕೆಂದರೆ ನಿಮಿಷಕ್ಕೆ 40 ಹನಿ. ಇದನ್ನು ರಾತ್ರಿ ಎರಡು ಗಂಟೆಗೆ, ಅಳುವ ಮಗುವಿನ ಪಕ್ಕ ನಿಂತು, ತಪ್ಪದೆ ಮಾಡಿದ್ದೀರಿ. ಎಪಿಡೆಮಿಯಾಲಜಿಯ ರೇಟ್ ಕೂಡ ಇದೇ ಜಾತಿಯ ಲೆಕ್ಕ: ಇಷ್ಟು ಜನರಲ್ಲಿ, ಇಷ್ಟು ಸಮಯದಲ್ಲಿ, ಇಷ್ಟು. ನಾನೂ ತಡವಾಗಿ ಓದಿಗೆ ಮರಳಿದವಳು. ಮೊದಲ ವಾರ ಬೋರ್ಡಿನ ಮೇಲೆ ಗ್ರೀಕ್ ಅಕ್ಷರ ನೋಡಿ ಕೈ ತಣ್ಣಗಾಗಿತ್ತು. ಆಮೇಲೆ ಗೊತ್ತಾಯಿತು, ಆ ದೊಡ್ಡ ಸಿಗ್ಮಾ ಹೇಳುವುದು ‘ಎಲ್ಲವನ್ನೂ ಕೂಡಿಸು’ ಎಂದು ಮಾತ್ರ.

ವಾರ್ಡಿನಿಂದಲೇ ಇನ್ನೆರಡು ಉದಾಹರಣೆ ಕೊಡುತ್ತೇನೆ. ಇವತ್ತು ಬೆಳಿಗ್ಗೆ ನಿಮ್ಮ ವಾರ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ? ಅದು ಪ್ರಿವಲೆನ್ಸ್ ಇದ್ದ ಹಾಗೆ. ಈ ವಾರ ಹೊಸದಾಗಿ ಎಷ್ಟು ಮಕ್ಕಳು ಬಂದರು? ಅದು ಇನ್ಸಿಡೆನ್ಸ್. ಬರುವವರು ಜಾಸ್ತಿಯಾಗದೆ, ಒಬ್ಬೊಬ್ಬರೂ ಇರುವ ದಿನ ಜಾಸ್ತಿಯಾದರೂ ವಾರ್ಡು ತುಂಬುತ್ತದೆ. ನಿಮಗಿದು ಗೊತ್ತೇ ಇದೆ. ಒಳ್ಳೆಯ ಚಿಕಿತ್ಸೆ ಬಂದು ರೋಗಿಗಳು ಹೆಚ್ಚು ಕಾಲ ಬದುಕಿದಾಗ ಒಂದು ಕಾಯಿಲೆಯ ಪ್ರಿವಲೆನ್ಸ್ ಏರುವುದೂ ಹೀಗೆಯೇ. ಇನ್ನೊಂದು: ವೆಂಟಿಲೇಟರ್ ಹಾಕಿದವರಲ್ಲಿ ಸಾವು ಜಾಸ್ತಿ. ಹಾಗಂತ ವೆಂಟಿಲೇಟರ್ ಕೊಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನೀವು ತಕ್ಷಣ ಏನು ಹೇಳುತ್ತೀರಿ? ‘ತೀರಾ ಹುಷಾರಿಲ್ಲದವರಿಗೇ ತಾನೇ ಅದನ್ನು ಹಾಕುವುದು!’ ಇದನ್ನೇ ತರಗತಿಯಲ್ಲಿ ಕನ್‌ಫೌಂಡಿಂಗ್ ಎಂದು ಕಲಿಸುತ್ತಾರೆ. ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸುವ ಮೊದಲೇ ಪೆನ್ನು ತೆಗೆದುಕೊಳ್ಳಿ. ಸಾವಿರ ಜನ ಇದ್ದಾರೆ. ಅವರಲ್ಲಿ 10 ಜನರಿಗೆ ಒಂದು ಕಾಯಿಲೆ ಇದೆ. ಒಂದು ಟೆಸ್ಟ್ ಇದೆ. ಕಾಯಿಲೆ ಇರುವ ನೂರರಲ್ಲಿ 90 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರರಲ್ಲಿ 10 ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಕೇಳಿದರೆ ಒಳ್ಳೆಯ ಟೆಸ್ಟ್ ಅನ್ನಿಸುತ್ತದೆ. ಲೆಕ್ಕ ಹಾಕಿ. ಇರುವ 10 ಜನರಲ್ಲಿ 9 ಪಾಸಿಟಿವ್. ಇಲ್ಲದ 990 ಜನರಲ್ಲಿ 99 ಪಾಸಿಟಿವ್. ಒಟ್ಟು 108. ಅಂದರೆ ಪಾಸಿಟಿವ್ ಎಂಬ ಚೀಟಿ ಹಿಡಿದು ಹೆದರಿ ಕೂತ 12 ಜನರಲ್ಲಿ ನಿಜವಾಗಿ ಕಾಯಿಲೆ ಇರುವುದು ಒಬ್ಬರಿಗೆ! ಈಗ ಅದೇ ಟೆಸ್ಟನ್ನು ಒಂದು ಆಸ್ಪತ್ರೆಯಲ್ಲಿ ಮಾಡಿ. ಅಲ್ಲಿ ಸಾವಿರ ಜನರಲ್ಲಿ 500 ಜನರಿಗೆ ಕಾಯಿಲೆ ಇದೆ. ಈ ಸಲ 450 ನಿಜವಾದ ಪಾಸಿಟಿವ್, 50 ಸುಳ್ಳು. ಹತ್ತರಲ್ಲಿ ಒಂಬತ್ತು ಸರಿ. ಟೆಸ್ಟ್ ಅದೇ, ಕಿಟ್ ಅದೇ. ಬದಲಾದದ್ದು ಯಾರಿಗೆ ಮಾಡಿದೆವು ಎಂಬುದು ಮಾತ್ರ. ವಾರ್ಡಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇಡೀ ಊರಿಗೆ ಯಾಕೆ ಹೊಂದದೇ ಇರಬಹುದು ಎಂದು ಇದರಲ್ಲಿ ಕಾಣುತ್ತದೆ. ಇದು ನಿಮಗೆ ಅರ್ಥವಾಗಿದ್ದರೆ, ನೀವು ಹೆದರುತ್ತಿದ್ದ ವಿಷಯದ ಒಂದು ಗಟ್ಟಿ ಪಾಠ ಆಗಲೇ ಕಲಿತಿರಿ. ಅರ್ಥವಾಗಲಿಲ್ಲವೇ? ನಾಳೆ ಇನ್ನೊಮ್ಮೆ ಮಾಡಿ. ಎರಡನೇ ಸಲಕ್ಕೆ ಬಂದರೂ ಅದೇನೂ ಕಡಿಮೆಯಲ್ಲ.

ನಾಲ್ಕು ಆನ್‌ಲೈನ್ ಕೋರ್ಸುಗಳಲ್ಲಿ ಮೂರನ್ನು ಇವತ್ತೇ ಬಿಡಿ. ಎಪಿಡೆಮಿಯಾಲಜಿಯ ಮೊದಲ ಪಾಠಗಳು ಇರುವ ಒಂದನ್ನು ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ, ಪೆನ್ನು ಹಿಡಿದು. ಸುಮ್ನೆ ವಿಡಿಯೊ ನೋಡುತ್ತಾ ತಲೆಯಾಡಿಸಿದರೆ ಏನೂ ಉಳಿಯುವುದಿಲ್ಲ. ಶೇಕಡಾವಾರು, ಅನುಪಾತ, ಸರಾಸರಿ, ಮಧ್ಯಾಂಕ (ಮೀಡಿಯನ್), ಗ್ರಾಫ್ ಓದುವುದು, ಇಷ್ಟು ಸಲೀಸಾದರೆ ಸಾಕು. ಇಡೀ ಸಿಲಬಸ್ಸನ್ನು ಮನೆಯಲ್ಲೇ ಓದಿ ಮುಗಿಸಿ ಹೋಗಬೇಕಿಲ್ಲ. ಕಲಿಸಲಿಕ್ಕೆ ಅಲ್ಲಿ ಮೇಷ್ಟ್ರಿದ್ದಾರೆ. ಕಂಪ್ಯೂಟರಿನಲ್ಲಿ ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಉಚಿತ. ಒಂದು ಚಿಕ್ಕ ಪಟ್ಟಿಯನ್ನು ತೆರೆದು ಸರಾಸರಿ ತೆಗೆಯಲು ಬಂದರೆ ಈಗ ಅಷ್ಟು ಸಾಕು.

ವಾರಕ್ಕೊಂದು ಸಂಶೋಧನಾ ಲೇಖನ ಓದಿ. ಭೇದಿಯ ಬಗ್ಗೆಯೇ ಇರಲಿ, ನಿಮಗೆ ಗೊತ್ತಿರುವ ವಿಷಯದಿಂದ ಶುರು ಮಾಡುವುದು ಒಳ್ಳೆಯದು. ಎಲ್ಲವೂ ತಲೆಗೆ ಹೋಗಬೇಕೆಂದಿಲ್ಲ. ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು, ಯಾರ ಜೊತೆ ಹೋಲಿಸಿದರು, ಈ ಮೂರಕ್ಕೆ ಉತ್ತರ ಹುಡುಕಿ. ಸಿಗದಿದ್ದರೆ ಅದನ್ನೂ ಬರೆದಿಡಿ. ಕೆಲವೊಮ್ಮೆ ತಪ್ಪು ಓದುವವರದ್ದಾಗಿರುವುದಿಲ್ಲ, ಬರೆದವರೇ ಹೇಳಿರುವುದಿಲ್ಲ.

ಡಾಕ್ಟರುಗಳು ಇದ್ದಾರೆ ಎಂದು ಹೆದರಬೇಡಿ. ಈ ಕೋರ್ಸಿಗೆ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ, ಸಮಾಜಕಾರ್ಯ ಓದಿದವರು, ಅರ್ಥಶಾಸ್ತ್ರದವರು, ಎಂಜಿನಿಯರುಗಳು. ಡಾಕ್ಟರುಗಳೂ ನಿಮ್ಮ ಹಾಗೆ ಅಂಶವನ್ನೇ ನೋಡಿ ಬಂದವರು. ನಿಮ್ಮ ಹತ್ತಿರ ಇನ್ನೊಂದು ತಿಳಿವಳಿಕೆ ಇದೆ, ಅದರ ಬೆಲೆ ನಿಮಗೆ ಇನ್ನೂ ಗೊತ್ತಾಗಿಲ್ಲ. ತರಗತಿಯಲ್ಲಿ ಡೇಟಾ ಅಂದರೆ ನೀಟಾದ ಸಾಲುಗಳು. ಅದು ಹುಟ್ಟುವುದು ನಸುಕಿನ ಮೂರು ಗಂಟೆಗೆ, ಸುಸ್ತಾದ ಒಬ್ಬ ಸಿಸ್ಟರ್ ತುಂಬುವ ರಿಜಿಸ್ಟರಿನಲ್ಲಿ. ಯಾವ ಕಲಂ ಸದಾ ಖಾಲಿ ಉಳಿಯುತ್ತದೆ, ತೂಕವನ್ನು ಯಾವಾಗ ಅಂದಾಜಿನಲ್ಲಿ ಬರೆಯುತ್ತಾರೆ, ಯಾವ ತಾಯಿ ವಿಳಾಸ ಹೇಳಲು ಹಿಂಜರಿಯುತ್ತಾಳೆ, ನಿಮಗೆ ಗೊತ್ತು. ಆ ಸಂಖ್ಯೆಗಳನ್ನು ಎಷ್ಟು ನಂಬಬಹುದು ಎಂದು ಹೇಳಬಲ್ಲವರು ತರಗತಿಯಲ್ಲಿ ಹೆಚ್ಚು ಜನ ಇರುವುದಿಲ್ಲ. ಬಾಯಿ ಬಿಟ್ಟು ಹೇಳಿ.

ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿ ದೀಪ ಇತ್ತು ಎಂದು ನರ್ಸಿಂಗಿನಲ್ಲಿ ಎಲ್ಲರೂ ಕಲಿತಿದ್ದೇವೆ. ಅದೇ ಕೈ ಕ್ರಿಮಿಯಾ ಯುದ್ಧದ ಸಾವುಗಳನ್ನು ತಿಂಗಳುವಾರು ಎಣಿಸಿ ಚಿತ್ರ ಬಿಡಿಸಿತ್ತು. ಗಾಯಗಳಿಗಿಂತ ತಡೆಯಬಹುದಾದ ಕಾಯಿಲೆಗಳಿಂದ ಸತ್ತ ಸೈನಿಕರೇ ಜಾಸ್ತಿ ಎಂದು 1858ರಲ್ಲಿ ಆ ಚಿತ್ರ ತೋರಿಸಿತು. ನರ್ಸ್ ಆದವರು ಸಂಖ್ಯೆಯ ಕಡೆ ಹೋಗುವುದು ಹೊಸದೇನಲ್ಲ.

ಇನ್ನು ಆ ಹಿರಿಯ ಸಿಸ್ಟರ್ ಹೇಳಿದ ಮಾತು. ನಿಮ್ಮ ನಿದ್ದೆ ಕೆಡಿಸಿರುವುದು ಗಣಿತಕ್ಕಿಂತ ಇದೇ ಎಂದು ನನಗೆ ಅನ್ನಿಸುತ್ತದೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಹುಷಾರಾದ ಮಗು ನಿಮ್ಮ ಬೆರಳು ಹಿಡಿಯುವುದು ಈ ಹೊಸ ಕೆಲಸದಲ್ಲಿ ಸಿಗುವುದಿಲ್ಲ. ಭೇದಿಯೇ ಬಾರದ ಮಗು ನಿಮ್ಮ ಹತ್ತಿರ ಬಂದು ಥ್ಯಾಂಕ್ಸ್ ಹೇಳುವುದಿಲ್ಲ, ಅದಕ್ಕೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಇದರಿಂದ ನೋವಾಗುತ್ತದೆ. ಆಗಲಿ, ಅದನ್ನು ಮುಚ್ಚಿಡಬೇಡಿ.

ಆದರೆ ‘ಬಿಟ್ಟು ಹೋಗುವುದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ತುಂಬಿಕೊಂಡಿದ್ದಾಗ ಕಾಲರಾ ಬಂತು. ಅಲ್ಲಿ ದಿಲೀಪ್ ಮಹಾಲನಬಿಸ್ ಇದ್ದರು. ನಿಮ್ಮ ಹಾಗೆ ಮಕ್ಕಳ ವಿಭಾಗದವರೇ, ಮಕ್ಕಳ ಡಾಕ್ಟರು. ಡ್ರಿಪ್ ಬಾಟಲಿಗಳು ಸಾಲುತ್ತಿರಲಿಲ್ಲ. ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಮಾಡಿಸಿ, ಅದನ್ನು ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಅವರ ತಂಡ ನೋಡಿಕೊಂಡವರಲ್ಲಿ ಸಾವಿನ ಪ್ರಮಾಣ ಶೇ 3.6ರ ಸುತ್ತ ಇಳಿಯಿತು. ಅದಕ್ಕೆ ಮೊದಲು ನೂರಕ್ಕೆ 20–30 ಜನ ಸಾಯುತ್ತಿದ್ದರು. ನೀವು ಇಷ್ಟು ವರ್ಷ ಮಕ್ಕಳಿಗೆ ಚಮಚದಲ್ಲಿ ಕುಡಿಸಿದ ಒಆರ್‌ಎಸ್ ಮೇಲೆ ಜಗತ್ತಿಗೆ ನಂಬಿಕೆ ಬಂದದ್ದರ ಹಿಂದೆ ಆ ಶಿಬಿರ ಇದೆ. ಹಾಸಿಗೆ ಪಕ್ಕ ನಿಂತು ನೋಡಿದವರಿಗೇ ಸಾವಿರ ಹಾಸಿಗೆಗಳ ಯೋಚನೆ ಬಂತು. ಅವರು ರೋಗಿಯನ್ನು ಬಿಟ್ಟು ಹೋದರು ಎನ್ನುತ್ತೀರಾ?

ಹೊರಡುವ ಮೊದಲು ಆ ಸಿಸ್ಟರ್ ಹತ್ತಿರ ಕೂತು ಮಾತಾಡಿ, ವಾದಕ್ಕಲ್ಲ. ಅವರ ಸರ್ವಿಸಿನಲ್ಲಿ ಮತ್ತೆ ಮತ್ತೆ ಬಂದ ಮಗು ಯಾವುದು ಎಂದು ಕೇಳಿ. ಅವರಿಗೂ ಒಂದು ಇದ್ದೇ ಇರುತ್ತದೆ.

ಇನ್ನೆರಡು ಮಾತು. ಕೋರ್ಸ್ ಶುರುವಾಗುವ ಎರಡು ವಾರ ಮೊದಲೇ ನೈಟ್ ಡ್ಯೂಟಿ ಮುಗಿಸಿಕೊಳ್ಳಿ. ಒಂಬತ್ತು ವರ್ಷದ ಶಿಫ್ಟ್ ಮೈಯಲ್ಲಿ ಕೂತಿದೆ, ನಿದ್ದೆ ದಾರಿಗೆ ಬರಲು ಟೈಮ್ ಬೇಕು. ನರ್ಸಿಂಗ್ ನೋಂದಣಿಯನ್ನು ಮಾತ್ರ ನವೀಕರಿಸುತ್ತಾ ಇರಿ. ವಾರ್ಡಿಗೆ ಮರಳುವ ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಓದುವಾಗ ಮನಸ್ಸು ಹಗುರವಾಗಿರುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ವಾರ್ಡಿನಲ್ಲಿ ನಿಮ್ಮನ್ನು ಕಾಡಿದ ಒಂದೊಂದು ಪ್ರಸಂಗವನ್ನೂ ಒಂದು ಪ್ರಶ್ನೆಯಾಗಿ ಬರೆಯಿರಿ. ಯಾರ ಹೆಸರೂ ಬೇಡ, ಗುರುತು ಸಿಗುವ ವಿವರವೂ ಬೇಡ. ಮೊದಲ ಪುಟದಲ್ಲಿ ‘ಒಂದು ಮಗು, ಮೂರು ಸಲ’ ಎಂದು ಬರೆದು ಕೆಳಗೆ ಗೆರೆ ಎಳೆಯಿರಿ. ಗೆರೆಯ ಕೆಳಗಿನ ಜಾಗವನ್ನು ಈಗ ಖಾಲಿ ಬಿಡಿ. ಪ್ರಾಜೆಕ್ಟಿಗೆ ವಿಷಯ ಆರಿಸಿ ಎಂದು ಮೇಷ್ಟ್ರು ಹೇಳಿದ ದಿನ ಆ ಪುಟ ತೆರೆದು ಅವರ ಮುಂದೆ ಇಡಿ.