ಹಾಸಿಗೆ ಹಿಡಿದ ತಾಯಿಗೆ ವೃದ್ಧಾಶ್ರಮ ಆರಿಸುವಾಗ ಪ್ರಮಾಣಪತ್ರ, ಕ್ಯಾಮೆರಾಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ನೀವು ನೋಡಿರುವ ಎರಡು ಆಶ್ರಮಗಳಲ್ಲಿ ದೂರದ್ದಕ್ಕೆ ಐಎಸ್‌ಒ ಪ್ರಮಾಣಪತ್ರವಿದೆ, ಕ್ಯಾಮೆರಾಗಳಿವೆ. ಮನೆಗೆ ಹತ್ತಿರದ ಚಿಕ್ಕ ಆಶ್ರಮದಲ್ಲಿ ಇವೆರಡೂ ಇಲ್ಲ. ಹಾಗಾದರೆ ತಾಯಿಯವರಿಗೆ ದೂರದ್ದೇ ಹೆಚ್ಚು ಸುರಕ್ಷಿತವಲ್ಲವೇ ಎಂದು ಕೇಳಿದ್ದೀರಿ. ನನ್ನ ತಂದೆಯವರಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದಾಗ ನಾನೂ ಇದೇ ಲೆಕ್ಕ ಹಾಕಿ, ಬೆಂಗಳೂರಿನ ಹೊರವಲಯದ ದೊಡ್ಡ ಆಶ್ರಮವನ್ನೇ ಆರಿಸಿದೆ. ಗಾಲಿಕುರ್ಚಿ ಸಲೀಸಾಗಿ ಹೋಗುವ ಬಾಗಿಲುಗಳು, ಬಚ್ಚಲಿನಲ್ಲಿ ಹಿಡಿಕೆಗಳು, ಮಂಚದ ಪಕ್ಕದಲ್ಲಿ ಕರೆಗಂಟೆ, ಗಾಳಿ ತುಂಬಿ ಇಳಿಯುವ ಏರ್ ಬೆಡ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಬಗ್ಗೆ ಸಹಿ ಹಾಕುವ ಚಾರ್ಟ್, ಎಲ್ಲವೂ ಅಲ್ಲಿದ್ದವು.

ಭಾನುವಾರಗಳಂದು ಬೆಳಗ್ಗೆ ಹೋಗುತ್ತಿದ್ದೆ. ತಂದೆಯವರಿಗೆ ಕ್ಷೌರ ಮಾಡಿ, ಒಗೆದ ಪಂಚೆ ಉಡಿಸಿ, ಎದೆಯವರೆಗೆ ಹೊದಿಕೆ ಹೊದಿಸಿರುತ್ತಿದ್ದರು. ಮಾತು ಬಹುಪಾಲು ಹೋಗಿದ್ದ ಅವರು ಮುಖ ಕಿವುಚಿದರೆ, ಬೇಸರವಾಗಿರಬೇಕು ಎಂದುಕೊಳ್ಳುತ್ತಿದ್ದೆ. ಆ ಹೊದಿಕೆಯನ್ನು ನಾನು ಒಮ್ಮೆಯೂ ಸರಿಸಿ ನೋಡಲಿಲ್ಲ. ನಮ್ಮಲ್ಲಿ ಬೆಳೆದ ಮಗನೊಬ್ಬ ತಂದೆಯ ಸೊಂಟದ ಕೆಳಗಿನ ಮೈಯನ್ನು ನೋಡುವುದಿಲ್ಲ. ಅವರಿಗೆ ಅವಮಾನವಾದೀತು ಎಂಬ ಅಳುಕು ನನ್ನ ಕೈಯನ್ನು ತಡೆಯಿತು. ಅದರ ಜೊತೆಗೆ, ಹಣ ಕೊಟ್ಟು ಬಿಟ್ಟಿರುವ ಕಡೆ ಬಟ್ಟೆ ಸರಿಸಿ ಪರೀಕ್ಷಿಸಿದರೆ ಆಯಾಗಳನ್ನು ಅನುಮಾನಿಸಿದಂತಾಗುತ್ತದೆ, ಆ ಸಿಟ್ಟನ್ನು ನಾನಿಲ್ಲದ ಹೊತ್ತಿನಲ್ಲಿ ತಂದೆಯವರ ಮೇಲೆ ತೀರಿಸಿಕೊಂಡರೆ ಏನು ಗತಿ ಎಂಬ ಭಯವೂ ಇತ್ತು. ಆದ್ದರಿಂದ ಚಾರ್ಟನ್ನು ನೋಡುತ್ತಿದ್ದೆ. ಒಮ್ಮೆ ಮಧ್ಯಾಹ್ನ ಎರಡರ ಚೌಕದಲ್ಲಿ ಸಹಿ ಬಿದ್ದಿರುವುದನ್ನು ಹನ್ನೆರಡಕ್ಕೇ ಕಂಡಿದ್ದೆ, ಆದರೂ ಕೇಳಲಿಲ್ಲ. ಏರ್ ಬೆಡ್ ಇದೆಯಲ್ಲ, ಒಂದೆರಡು ಸಲ ತಪ್ಪಿದರೂ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಅವರನ್ನು ಮಗ್ಗುಲಿಗೆ ಹೊರಳಿಸಿದರು. ಬೆನ್ನಿನ ಕೆಳತುದಿಯ ಹುಣ್ಣಿನ ಆಳದಲ್ಲಿ ಮೂಳೆ ಕಾಣುತ್ತಿತ್ತು. ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಒದ್ದೆ ಡೈಪರ್ ಮತ್ತು ಸಕ್ಕರೆ ಕಾಯಿಲೆ ಸೇರಿದರೆ ಇನ್ನೂ ಬೇಗ. ಏರ್ ಬೆಡ್ ಒತ್ತಡವನ್ನು ತಗ್ಗಿಸುತ್ತದೆಯೇ ಹೊರತು, ಮಗ್ಗುಲು ಬದಲಿಸುವ ಕೈಗಳ ಕೆಲಸವನ್ನು ಮಾಡುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ಒಬ್ಬಳೇ ಆಯಾ ಇದ್ದಳೆಂಬುದು ಆಮೇಲೆ ತಿಳಿಯಿತು. ಭಾರದ ಗಂಡಸೊಬ್ಬರನ್ನು ಒಂಟಿಯಾಗಿ ಹೊರಳಿಸಲು ಆಕೆಗೆ ಸಾಧ್ಯವಿರಲಿಲ್ಲ; ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟೇ ಜನರನ್ನಿಟ್ಟು ಚಾರ್ಟ್ ತುಂಬಿಸಿಕೊಂಡವರ ಮೇಲಿದೆ. ತಂದೆಯವರು ಮತ್ತೆ ನೆಟ್ಟಗೆ ಕೂರಲೇ ಇಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಐಎಸ್‌ಒ 9001 ಎಂಬುದು ಸಂಸ್ಥೆಯೊಂದರ ಕಾರ್ಯವಿಧಾನ, ದಾಖಲೆಗಳ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ. ನಿಮ್ಮ ತಾಯಿಯವರ ಬೆನ್ನನ್ನು ಯಾರಾದರೂ ನೋಡಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಪಡಸಾಲೆಯ ಕ್ಯಾಮೆರಾಕ್ಕೆ ಹೊದಿಕೆಯ ಒಳಗೆ ಕಾಣುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಮಿನಲ್ಲಿ ಆಶ್ರಮಗಳ ಮಾನದಂಡದ ಮಾತಿದೆ, ಆದರೆ ಅದು ನಿರ್ಗತಿಕ ಹಿರಿಯರಿಗಾಗಿ ಸರ್ಕಾರವೇ ಸ್ಥಾಪಿಸುವ ಆಶ್ರಮಗಳ ಕುರಿತದ್ದು. ಕಾನೂನು ಕಾಯುತ್ತದೆ ಎಂದು ಖಾಸಗಿ ಆಶ್ರಮಕ್ಕೆ ಸೇರಿಸಬೇಡಿ.

ಹತ್ತಿರದ ಆಶ್ರಮದ ಕಡೆಗೇ ನನ್ನ ಒಲವು, ಏಕೆಂದರೆ ಅಲ್ಲಿಗೆ ರಾತ್ರಿ ಹತ್ತು ಗಂಟೆಗೆ ಹೇಳದೆ ಹೋಗಬಹುದು. ಸೇರಿಸುವ ಮೊದಲೂ ಹಾಗೆಯೇ ಹೋಗಿ, ಎದ್ದಿರುವ ಆಯಾಗಳು ಎಷ್ಟು ಜನ, ಅವರ ಪಾಲಿಗೆ ಹಾಸಿಗೆ ಹಿಡಿದವರು ಎಷ್ಟು ಜನ ಎಂದು ಎಣಿಸಿ. ಅಲ್ಲಿನ ನರ್ಸ್ ಬ್ರೇಡನ್ ಅಳತೆಯನ್ನು ಬಳಸುತ್ತಾರೆಯೇ ಎಂದು ಕೇಳಿ: ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಅಲುಗಾಡುವ ಶಕ್ತಿ, ಆಹಾರ, ಚರ್ಮದ ಉಜ್ಜಾಟ ಎಂಬ ಆರು ಸಂಗತಿಗಳಿಗೆ ಅಂಕ ಕೊಟ್ಟು 6ರಿಂದ 23ರವರೆಗೆ ಮೊತ್ತ ಹಾಕುವ ಪದ್ಧತಿ ಅದು, ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ ಎಂದರ್ಥ. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಈ ಆರನ್ನು ಹೇಗೆ ಗಮನಿಸುತ್ತೇವೆಂದು ಅವರು ವಿವರಿಸಬಲ್ಲವರಾಗಿರಬೇಕು.

ಸೇರಿಸಿದ ಮೇಲೆ ಪ್ರತಿ ಭೇಟಿಯಲ್ಲೂ ಬೆನ್ನಿನ ಕೆಳತುದಿ, ಸೊಂಟದ ಎರಡು ಪಕ್ಕ, ಹಿಮ್ಮಡಿಗಳನ್ನು ನೋಡಲೇಬೇಕು. ನೀವು ಮಗನಾದ್ದರಿಂದ ತಾಯಿಯವರಿಗೆ ಮುಜುಗರವೆನಿಸಿದರೆ ಅಕ್ಕ ತಂಗಿಯರನ್ನೋ ಹೆಂಡತಿಯನ್ನೋ ಕರೆದೊಯ್ಯಿರಿ, ಯಾರೂ ಇಲ್ಲದಿದ್ದರೆ ಹಣ ಕೊಟ್ಟು ಹೊರಗಿನ ನರ್ಸ್ ಒಬ್ಬರಿಂದ ನೋಡಿಸಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಅದೇ ಮೊದಲ ಹಂತದ ಹುಣ್ಣು. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣದಿರಬಹುದು. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ಆ ಹಂತದಲ್ಲಿ ಒತ್ತಡ ತಪ್ಪಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಮುಂಗಡ ಹಣ ಕೊಡುವ ಮೊದಲು ಒಪ್ಪಂದದಲ್ಲಿ ಎರಡು ಮಾತು ಬರೆಸಿಕೊಳ್ಳಿ: ಕುಟುಂಬದವರು ಯಾವ ಹೊತ್ತಿನಲ್ಲಾದರೂ ಬರಬಹುದು, ಮತ್ತು ಚರ್ಮದಲ್ಲಿ ಯಾವ ಬದಲಾವಣೆ ಕಂಡರೂ ಅದೇ ದಿನ ನಿಮಗೆ ತಿಳಿಸಬೇಕು. ಹತ್ತಿರದ ಆಶ್ರಮದವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೂ ಸೇರಿಸಬೇಡಿ, ಮೂರನೆಯದನ್ನು ಹುಡುಕಿ.